ಉಡನಿಗೆ ಒಂದೇ ಹಿಡಿತ

ಜನವರಿ 9. ಬೆಳಿಗ್ಗೆ

ನಿಬ್ ತೊಳೆದು ಒರೆಸಿಟ್ಟೆ. ಎರಡು ಫ್ರೇಮ್ ಮುಗಿದವು. ಮೂರನೆಯದರಲ್ಲಿ ಉಡನ ಮೊಣಕೈ ಮತ್ತೆ ಸೊಟ್ಟ. ಕೈ ಇನ್ನೂ ಗಟ್ಟಿ, ಕಣ್ಣೇ ಕೈಕೊಡುತ್ತಿರುವುದು. ಅಳಿಸಿದೆ, ಮತ್ತೆ ಎಳೆದೆ.

ಅಷ್ಟರಲ್ಲಿ ಫೋನ್. ಸಿನಿಮಾದವರು. 'ಸರ್, ಕಾರ್ ಕಳಿಸ್ತೀವಿ. ಡೈರೆಕ್ಟರ್ ನಿಮಗೆ ಉಡನ ಲುಕ್ ತೋರಿಸ್ಬೇಕಂತೆ.' ನಲವತ್ತು ವರ್ಷದಿಂದ ಪತ್ರಿಕೆಯ ಚಿತ್ರಕಥೆಗೆ ವಾರ ವಾರ ನಾನೇ ಬಿಡಿಸುತ್ತಿರುವ ಮುಖ. ನನಗೇ ತೋರಿಸುತ್ತಾರಂತೆ!

ಹೋಗುವುದಿಲ್ಲ ಎಂದೆ. ಅಡುಗೆಮನೆಯಿಂದಲೇ ಅಕ್ಕ, 'ಹೋಗಿ ಬಾರೋ. ಮನೇಲಿ ಕೂತು ಗೊಣಗೋ ಬದಲು ಅಲ್ಲೇ ಹೋಗಿ ಗೊಣಗು. ನನ್ನ ಕಿವಿಗಾದ್ರೂ ರಜ ಸಿಗುತ್ತೆ' ಎಂದಳು.

ಸಿನಿಮಾದವರಿಗೆ ಉಡನ ಹಕ್ಕು ಮಾರಿದ್ದೇ ಅವಳು. ಕಥೆ ಭಾವ ಬರೆಯುತ್ತಿದ್ದರು, ಚಿತ್ರ ನನ್ನದು. ಭಾವ ಹೋದ ಮೇಲೆ ಹಕ್ಕೆಲ್ಲ ಅಕ್ಕನಿಗೆ ಬಂತು, ನಾನು ಅಕ್ಕನ ಮನೆಗೆ ಬಂದೆ. ಈಗ ಕಥೆಯೂ ನನ್ನದೇ. ಅಷ್ಟಕ್ಕಷ್ಟೇ. ಭಾವನ ಕೈ ಎಲ್ಲಿ, ನಾನೆಲ್ಲಿ.

ಕಾರ್ ಬಂತು. ಹೋಗದೆ ಗತಿಯಿಲ್ಲ.

ಜನವರಿ 9. ಸಂಜೆ

ಡೈರೆಕ್ಟರಿಗೆ ಮೂವತ್ತೈದು ಇರಬಹುದು. ರೂಮಿನೊಳಗೂ ತಲೆಯ ಮೇಲೊಂದು ಟೋಪಿ. ಹೆಸರು ಹೇಳಿದ, ನನಗೆ ಬೇಡ. ಟೋಪಿ ಅಂತಲೇ ಇಟ್ಟುಕೊಳ್ಳುತ್ತೇನೆ. ಯಾರಿಗೆ ಹಾಕುತ್ತಾನೋ ನೋಡೋಣ.

ಆಫೀಸಿನ ಗೋಡೆ ತುಂಬ ನಮ್ಮ ಪುಟಗಳು. ಮೊದಲ ಸಂಚಿಕೆಯ ಮೊದಲ ಪುಟವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಅಂಟಿಸಿದ್ದಾರೆ. ಭಾವನ ವಾಕ್ಯ: 'ಉಡ ಹಿಡಿದದ್ದು ಜಾರುವುದಿಲ್ಲ. ಆದರೆ ಉಡ ಹಿಡಿಯುವುದು ಒಂದೇ ಜೀವ.' ಇಡೀ ಸೀರೀಸು ನಿಂತಿರುವುದೇ ಆ ಎರಡು ಸಾಲಿನ ಮೇಲೆ. ಉಡ ಹಗಲು ಹೊತ್ತು ಲಿಫ್ಟ್ ರಿಪೇರಿ ಮಾಡುವವನು. ಹಾರುವುದಿಲ್ಲ, ಗುದ್ದುವುದಿಲ್ಲ. ಬೀಳುವವರನ್ನು ಹಿಡಿಯುತ್ತಾನೆ, ಅಷ್ಟೇ. ಒಬ್ಬರನ್ನು ಹಿಡಿದಾಗ ಇನ್ನೊಬ್ಬರನ್ನು ಹಿಡಿಯಹೋದರೆ ಮೊದಲಿನ ಹಿಡಿತ ಬಿಟ್ಟುಹೋಗುತ್ತದೆ. ಅದಕ್ಕೇ ಪ್ರತಿ ಸಂಚಿಕೆಯಲ್ಲೂ ಅವನು ಆರಿಸಬೇಕು.

ಟೋಪಿ ಎದೆ ಮುಟ್ಟಿಕೊಂಡು ಹೇಳಿದ, 'ನೂರಕ್ಕೆ ನೂರು ಮೂಲಕ್ಕೆ ನಿಷ್ಠೆ ಸರ್. ಒಂದು ಗೆರೆ ಆಚೀಚೆ ಆಗಲ್ಲ.'

ಆಮೇಲೆ ವೇಷ ತಂದು ತೋರಿಸಿದ. ಬಲಗೈ ಗವಸು ಕಂದು, ಎಡಗೈ ಗವಸು ನೀಲಿ.

'ಇದ್ಯಾಕೆ ನೀಲಿ?'

'ಎಂಥ ಸರ್, ನೀವೇ ಕೇಳ್ತೀರಲ್ಲ! ಗಡಿಯಾರ ಗೋಪುರದ ಸಂಚಿಕೇಲಿ ಎಡಗೈ ನೀಲಿ ಇದೆ. ಫ್ಯಾನ್ಸ್‌ಗೆ ಅದು ಪವಿತ್ರ. ನಾವು ಅದಕ್ಕೊಂದು ಹಿನ್ನೆಲೆ ಕಥೆಯನ್ನೇ ಬರ್ದಿದೀವಿ. ಅವರಪ್ಪನ ಗವಸು ಅದು.'

ಆ ವಾರ ಪ್ರೆಸ್ಸಿನಲ್ಲಿ ಬಣ್ಣ ಕಲಸಿಹೋಗಿತ್ತು. ಭಾವ ಅಲ್ಲಿಗೇ ಹೋಗಿ ಗಂಟಲು ಹರಿಯುವ ತನಕ ಕೂಗಾಡಿ ಬಂದಿದ್ದರು. ಇವರು ಆ ಎಡವಟ್ಟಿಗೊಬ್ಬ ಅಪ್ಪನನ್ನು ಹುಟ್ಟಿಸಿದ್ದಾರೆ. ಹೇಳಿದೆ. ಟೋಪಿಯ ಮುಖ ಸ್ವಲ್ಪ ಬಾಡಿತು. ಆಮೇಲೆ, 'ಪರವಾಗಿಲ್ಲ ಸರ್, ನೀವು ಯಾರಿಗೂ ಹೇಳ್ಬೇಡಿ' ಎಂದ.

ನಿಷ್ಠೆ!

ಜನವರಿ 14

ಇವತ್ತು ಯಾಕೋ ಹಳೆಯವನ್ನೆಲ್ಲ ನೆನೆಸಿಕೊಂಡು ಹೊಟ್ಟೆ ಉರಿಸಿಕೊಂಡೆ.

ಮೊದಲು ಟೀವಿ ಸೀರಿಯಲ್. ಹೆಸರು ಉಡ ತಾನೇ ಅಂತ ರಬ್ಬರಿನ ಬಾಲ ಕಟ್ಟಿದರು. ನಟ ಮಾತಾಡುವಾಗಲೆಲ್ಲ ಬಾಲ ಬಾಗಿಲಿಗೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಬಿಡಿಸುವುದಕ್ಕೇ ಅರ್ಧ ಎಪಿಸೋಡು. ಆಮೇಲೆ ಕಾರ್ಟೂನು. ಅದರಲ್ಲಿ ಅವನು ನಿಜವಾದ ಹಸಿರು ಉಡ, ಕನ್ನಡಕ ಹಾಕಿಕೊಂಡು ಮಕ್ಕಳಿಗೆ ಹಲ್ಲುಜ್ಜುವುದು ಹೇಗೆಂದು ಹೇಳಿಕೊಡುತ್ತಿದ್ದ. ಆಮೇಲೊಂದು ಸಿನಿಮಾ. ಹಾರಿದ, ಪಿಸ್ತೂಲು ಹಿಡಿದ, ಇಬ್ಬರು ನಾಯಕಿಯರ ಜೊತೆ ಹಿಮದಲ್ಲಿ ಕುಣಿದ. ಕೊನೆಗೆ ಖಳನನ್ನು ಮಹಡಿಯಿಂದ ಕೆಳಕ್ಕೆ ಎಸೆದ. ಉಡ! ಎಸೆದ!

ಆ ಸಿನಿಮಾ ನೋಡಿ ಬಂದು ಭಾವ ವಾರವಿಡೀ ಹಳೆಯ ಸಂಚಿಕೆಗಳನ್ನೇ ತಿರುವಿಹಾಕಿದರು. ಆಮೇಲೆ ಒಂದು ದಿನ, 'ಮೂಲ ಅಂತ ಒಂದಿದೆಯಲ್ಲ, ಅದು ನಮ್ಮ ಹತ್ರ ಇದೆ. ಅದು ಸಾಕು' ಎಂದರು. ನಾನು ಆ ಮಾತನ್ನೇ ಕಟ್ಟಿಕೊಂಡು ಇಷ್ಟು ವರ್ಷ ಬಂದೆ.

ಜನವರಿ 30

ನಾಯಕನನ್ನು ತೋರಿಸಿದರು. ಆಳಿಗಿಂತ ಮುಂದೆ ಎದೆ ಬರುತ್ತದೆ. ಒಳ್ಳೆಯ ಎದೆಗಾರ. ಉಡ ಸಣಕಲ ಎಂದು ನೆನಪಿಸಿದೆ. 'ಕೋಟಿನೊಳಗೆ ಸಣ್ಣ ಕಾಣ್ತಾರೆ ಸರ್' ಎಂದ ಟೋಪಿ. ಕೋಟು ಹಾಕುವ ಸೀನೇ ಇಲ್ಲವಂತೆ.

ಅಭಿಮಾನಿ ಸಂಘದ ಅಧ್ಯಕ್ಷನೂ ಇದ್ದ. ಬ್ಯಾಂಕಿನಲ್ಲಿ ಕೆಲಸ, ಐವತ್ತರ ಹತ್ತಿರದ ವಯಸ್ಸು, ಬಾಯಿ ಬಿಟ್ಟರೆ ಸಂಚಿಕೆ ನಂಬರು. ಸಂಚಿಕೆ ಸ್ವಾಮಿ ಎಂದು ಹೆಸರಿಟ್ಟೆ. ಸಿನಿಮಾದವರು ಇವನನ್ನೂ ಸಲಹೆಗಾರ ಮಾಡಿಕೊಂಡಿದ್ದಾರೆ. ನನಗಿಂತ ಇವನ ಕುರ್ಚಿಗೆ ಮೆತ್ತೆ ದಪ್ಪ.

ಅವನ ಟೀ ಶರ್ಟಿನ ಮೇಲೆ ಲಿಫ್ಟ್ ಸಂಚಿಕೆಯ ಮಾತಿನ ಬಲೂನು. 'ನನ್ನನ್ನು ಬಿಡು, ಅಣ್ಣಾ. ಮಗುವನ್ನು ಹಿಡಿ.' ಉಡನ ತಮ್ಮ ಸಾಯುವಾಗ ಹೇಳುವ ಮಾತು. ಕೆಟ್ಟುಹೋದ ಲಿಫ್ಟಿನ ಹೊಂಡದಲ್ಲಿ ಒಂದು ಕಡೆ ತಮ್ಮ, ಇನ್ನೊಂದು ಕಡೆ ಆ ಕಟ್ಟಡದ ಯಾರದೋ ಮಗು. ಉಡ ಮಗುವನ್ನು ಹಿಡಿಯುತ್ತಾನೆ. ಆ ಸಂಚಿಕೆ ಬಂದಾಗ ಊರೆಲ್ಲ ಅತ್ತಿತ್ತು. ಇವತ್ತಿಗೂ ಮತ್ತೆ ಮತ್ತೆ ಅಚ್ಚಾಗುತ್ತದೆ. ಮಗ್ಗಿನ ಮೇಲೆ, ಬ್ಯಾಗಿನ ಮೇಲೆ, ಈಗ ಸ್ವಾಮಿಯ ಹೊಟ್ಟೆಯ ಮೇಲೆ.

ತಮ್ಮನ ಪಾತ್ರಕ್ಕೆ ಆರಿಸಿದ ಹುಡುಗನ ಕೂದಲಿಗೆ ಜೇನಿನ ಬಣ್ಣ. ಮನಸ್ಸಿಗೆ ಕಿರಿಕಿರಿಯಾಯಿತು. ಆ ಪಾತ್ರಕ್ಕೆ ನಾನು ಕೊಟ್ಟಿದ್ದು ನಮ್ಮ ಕುಳ್ಳನ ಮುಖ. ನಮ್ಮ ಕೊನೆಯ ತಮ್ಮ. ಹನ್ನೆರಡಕ್ಕೇ ಹೋದ. ನಾನಾಗ ಬೇರೆ ಊರಿನಲ್ಲಿ ಡ್ರಾಯಿಂಗ್ ಕಲಿಯುತ್ತಿದ್ದೆ. ಕಾಲುಸೇತುವೆಯ ಹಲಗೆ ಮುರಿಯಿತು, ಹೊಳೆ ತುಂಬಿತ್ತು, ಅಕ್ಕ ಜೊತೆಗಿದ್ದಳು. ಮನೆಯಲ್ಲಿ ಹೇಳಿದ್ದು ಇಷ್ಟೇ. ಆಮೇಲೆ ಯಾರೂ ಮಾತೆತ್ತಲಿಲ್ಲ. ಕುಳ್ಳ ಎಲ್ಲಾದರೂ ಇರಲಿ ಎಂದು ಉಡನ ಪಕ್ಕದಲ್ಲಿಟ್ಟೆ. ನೆಟ್ಟಗೆ ನಿಲ್ಲುವ ಕೂದಲು, ಒಂದು ಹುಬ್ಬು ಮೇಲೆ.

ಫೆಬ್ರವರಿ 11

ಸ್ಕ್ರಿಪ್ಟು ಕೊನೆಗೂ ಕೈಗೆ ಬಂತು. ಕೊನೆಯ ಭಾಗ ಎರಡು ಸಲ ಓದಿದೆ. ತಲೆ ಕೆಟ್ಟುಹೋಯಿತು.

ಉಡ ಒಂದು ಕೈಯಲ್ಲಿ ಮಗುವನ್ನು ಹಿಡಿಯುತ್ತಾನೆ. ಇನ್ನೊಂದು ಕೈಯಲ್ಲಿ ತಮ್ಮನನ್ನು. ಇಬ್ಬರೂ ಬದುಕುತ್ತಾರೆ. ಅಪ್ಪಿಕೊಳ್ಳುತ್ತಾರೆ. ಸೂರ್ಯೋದಯ. ಲಿಫ್ಟ್ ಹೊಂಡದಲ್ಲಿ ಸೂರ್ಯೋದಯ!

ಗವಸಿನ ಬಣ್ಣಕ್ಕೆ ನಿಷ್ಠೆ, ಶೂ ಲೇಸಿಗೆ ನಿಷ್ಠೆ, ಜೀವ ಇರುವ ಜಾಗಕ್ಕೆ ಬಂದಾಗ ಕತ್ತರಿ. ಬಾಲ ಕಟ್ಟಿದವರು ವಾಸಿ. ಅವರು ಪೆದ್ದರು, ಅಷ್ಟೇ. ಇವರು ಪೂರ್ತಿ ಓದಿಕೊಂಡು, ಅರ್ಥಮಾಡಿಕೊಂಡು, ಆಮೇಲೆ ಕೊಲ್ಲುವ ಜನ.

ಸ್ವಾಮಿಗೆ ಫೋನ್ ಮಾಡಿದೆ. ಜೀವನದಲ್ಲಿ ಮೊದಲ ಸಲ ಅವನ ಮಾತಿಗೆ ಹೂಂಗುಟ್ಟಿದೆ. 'ಆ ಡೈಲಾಗ್ ಇಲ್ದೆ ಉಡನೇ ಇಲ್ಲ ಸಾರ್. ನಾವು ಥಿಯೇಟರ್ ಮುಂದೆ ಕೂರ್ತೀವಿ' ಎಂದ. ಕೂರು ಮಾರಾಯ, ನಾನೂ ಬರುತ್ತೇನೆ.

ಊಟಕ್ಕೆ ಕೂತಾಗ ಅಕ್ಕನಿಗೂ ಹೇಳಿದೆ. 'ನಿನ್ನ ಸಿನಿಮಾದವರು ತಮ್ಮನ್ನ ಬದುಕಿಸ್ತಾರಂತೆ ಕಣೇ. ಭಾವನ ತಲೆ ಮೇಲೆ ಕಲ್ಲು ಹಾಕಿದ್ರು.' ಅವಳು ನೀರು ಕುಡಿದಳು. 'ಉಪ್ಪು ಸರಿಯಾಗಿದೆಯಾ?' ಎಂದಳು.

ಫೆಬ್ರವರಿ 12. ಸಂಜೆ

ಬೆಳಿಗ್ಗೆ ಆಫೀಸಿಗೆ ನುಗ್ಗಿದೆ. ಸ್ಕ್ರಿಪ್ಟು ಮೇಜಿನ ಮೇಲೆಸೆದು ಕೇಳಿದೆ, 'ಉಡ ಹಿಡಿಯೋದು ಎಷ್ಟು ಜೀವ? ಗೋಡೆ ಮೇಲೆ ಬರ್ದಿದೆಯಲ್ಲ, ಓದು.'

'ಸರ್, ಅವನಿಗೆ ಎರಡು ಕೈ ಇದೆಯಲ್ಲ...'

'ನಿನಗೂ ತಲೆ ಇದೆ. ಟೋಪಿ ಇಡೋಕೆ ಬಿಟ್ಟು ಬೇರೆ ಯಾವುದಕ್ಕಾದ್ರೂ ಬಳಸಿದೀಯಾ?'

ಎದೆಗಾರ ಮೂಲೆಯಲ್ಲಿ ಮೊಟ್ಟೆ ತಿನ್ನುತ್ತಿದ್ದ. ಅಗಿಯುವುದನ್ನು ನಿಲ್ಲಿಸಿದ. ನಾನು ನಿಲ್ಲಿಸಲಿಲ್ಲ. ಹೇಡಿಗಳು ಎಂದೆ, ಟಿಕೆಟ್ ಮಾರುವವರು ಎಂದೆ, ಸತ್ತವರ ಮಾತನ್ನು ತಿದ್ದುವ ಅಧಿಕಾರ ಯಾರು ಕೊಟ್ಟರು ಎಂದೆ.

ಟೋಪಿ ಎದ್ದು ಬಾಗಿಲು ಹಾಕಿ ಬಂದ. ಎದೆಗಾರನನ್ನು ಆಚೆ ಕಳಿಸಿದ. ಮೊದಲ ಸಲ ಟೋಪಿ ತೆಗೆದ. ನಡುನೆತ್ತಿ ಪೂರ್ತಿ ಬೋಳು.

'ಸರ್, ನಾನೂ ಲಿಫ್ಟ್ ಸಂಚಿಕೆ ಓದಿ ಅತ್ತವನೇ. ಅದನ್ನ ಹಾಗೇ ತೆಗೀಬೇಕು ಅಂತಾನೇ ಈ ಸಿನಿಮಾಕ್ಕೆ ಕೈ ಹಾಕಿದ್ದು. ಆದ್ರೆ ಅದೊಂದು ನನ್ನ ಕೈಲಿಲ್ಲ. ಹಕ್ಕು ಕೊಡುವಾಗ ಮೇಡಂ ಒಂದೇ ಷರತ್ತು ಹಾಕಿದ್ರು. ಬೇರೆ ಏನಾದ್ರೂ ಮಾಡ್ಕೊಳ್ಳಿ, ತಮ್ಮ ಬೀಳಬಾರದು ಅಂತ. ನಿಮಗೆ ಹೇಳ್ಬೇಡಿ ಅಂದಿದ್ರು.'

ಸುಳ್ಳು ಎಂದೆ.

'ಮನೇಲೇ ಇದಾರಲ್ಲ ಸರ್. ಕೇಳಿ.'

ಮನೆಯಲ್ಲೇ ಇದ್ದಾಳೆ. ಈಗ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಾಳೆ. ಎರಡು ಸಲ ಬಾಗಿಲ ತನಕ ಹೋಗಿ ವಾಪಸು ಬಂದೆ.

ಫೆಬ್ರವರಿ 13

ಕೇಳಿದೆ. ಬೆಳಿಗ್ಗೆ, ಅಡುಗೆಮನೆಯಲ್ಲಿ. ಜಗಳಕ್ಕೇ ಹೋಗಿದ್ದೆ. ಭಾವನಿಗೆ ಮಾಡುವ ದ್ರೋಹ ಇದು, ನಲವತ್ತು ವರ್ಷದ ಕೆಲಸವನ್ನು ಗಾಳಿಗೆ ತೂರಿದೆ ನೀನು, ಹೀಗೆಲ್ಲ.

ಅವಳು ಸ್ಟೋವ್ ಆರಿಸಿದಳು. ಸ್ಟೂಲಿನ ಮೇಲೆ ಕೂತಳು.

'ಆ ದಿನ ಪಕ್ಕದ ಮನೆ ಮಗೂನೂ ನಮ್ಮ ಜೊತೆಗಿತ್ತು. ಗೊತ್ತಾ ನಿನಗೆ?'

ಗೊತ್ತಿರಲಿಲ್ಲ.

'ಹಲಗೆ ಮುರೀತು. ಎರಡೂ ಕೆಳಗೆ ನೇತಾಡ್ತಿದ್ವು. ಮಗು ಈ ಕಡೆ, ಕುಳ್ಳ ಆ ಕಡೆ. ನಾನು ಹೊಟ್ಟೆ ಮೇಲೆ ಮಲಗಿ ಒಂದು ಕೈಲಿ ಕಂಬಿ ಹಿಡ್ಕೊಂಡಿದ್ದೆ. ಖಾಲಿ ಇದ್ದಿದ್ದು ಒಂದೇ ಕೈ.'

ಕೈಯನ್ನು ನೋಡಿಕೊಳ್ಳಲಿಲ್ಲ, ಏನಿಲ್ಲ. ಮಾರ್ಕೆಟ್ಟಿನಲ್ಲಿ ಏನಾಯಿತು ಎಂದು ಹೇಳುವಷ್ಟೇ ಸಾದಾ ದನಿ.

'ಮಗು ಹತ್ರ ಇತ್ತು. ಮಗೂನ ಹಿಡ್ಕೊಂಡೆ. ಎಳೆದು ಮೇಲೆ ಹಾಕಿ ತಿರುಗಿದಾಗ ಕುಳ್ಳ ಇರಲಿಲ್ಲ.'

ಅಲ್ಲಿಗೇ ನಿಲ್ಲಿಸಲಿಲ್ಲ. 'ಮನೇಲಿ ಯಾರಿಗೂ ಹೇಳ್ಲಿಲ್ಲ. ಮದುವೆ ಆದ್ಮೇಲೆ ಒಂದು ದಿನ ಇವರಿಗೆ ಹೇಳ್ದೆ. ನಾಲ್ಕು ವರ್ಷಕ್ಕೆ ಅದು ಪುಸ್ತಕದಲ್ಲಿ ಬಂತು. ಸೇತುವೆ ತೆಗೆದು ಲಿಫ್ಟ್ ಹಾಕಿದ್ರು. ನೀನು ಅವನ ಮುಖಾನೇ ಹಾಕಿದ್ದೆ. ನಿನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು.'

'ನಿನ್ನ ಕೇಳ್ಲಿಲ್ವಾ?'

'ಅಚ್ಚಾದ್ಮೇಲೆ ತಂದು ತೋರಿಸಿದ್ರು. ಹೆಂಗಿದೆ ಅಂದ್ರು.'

'ನೀನೇನಂದೆ?'

'ಚೆನ್ನಾಗಿದೆ ಅಂದೆ. ಊರೆಲ್ಲ ಅನ್ನುತ್ತಿತ್ತಲ್ಲ.'

ಹೋಗಲಿ, ಒಳ್ಳೆಯ ಮಾತನ್ನಾದರೂ ಕುಳ್ಳನ ಬಾಯಲ್ಲಿ ಹಾಕಿದ್ದರಲ್ಲ ಎಂದೆ. ಯಾಕಂದೆನೋ. ಸಮಾಧಾನಕ್ಕೆ ಇನ್ನೇನೂ ಸಿಗಲಿಲ್ಲ. ನನ್ನನ್ನು ಬಿಡು, ಮಗುವನ್ನು ಹಿಡಿ.

ಆಗ ಅವಳು ನನ್ನ ಮುಖ ನೋಡಿದಳು.

'ಅವನು ಬಿಡು ಅನ್ಲಿಲ್ಲ ಕಣೋ. ಅಕ್ಕಾ, ನನ್ನ ಹಿಡ್ಕೋ ಅಂದ. ಹಿಡ್ಕೋ ಹಿಡ್ಕೋ ಅಂತಾನೇ ಇದ್ದ.'

ಮಾರ್ಚ್ 2

ಇಷ್ಟು ದಿನ ಏನೂ ಬರೆಯಲಿಲ್ಲ. ಪತ್ರಿಕೆಗೆ ಹಳೆಯ ಸಂಚಿಕೆಯನ್ನೇ ಹಾಕಿಕೊಳ್ಳಿ ಎಂದೆ. ಕಣ್ಣಿನ ನೆಪ.

ಭಾವನ ಮೇಲೆ ಎಷ್ಟು ಸಿಟ್ಟು ಬರುತ್ತಿದೆ ಎಂದರೆ, ಸತ್ತವರ ಜೊತೆ ಜಗಳ ಆಡಲು ಆಗುವುದಿಲ್ಲ ಎಂಬುದರ ಮೇಲೂ ಸಿಟ್ಟು. ನಾನು ಟೀವಿಯವರನ್ನು ಬೈದೆ, ಕಾರ್ಟೂನಿನವರನ್ನು ಬೈದೆ, ಟೋಪಿಯನ್ನು ಬಾಯಿಗೆ ಬಂದಂತೆ ಬೈದೆ. ಮೂಲ ನಮ್ಮ ಹತ್ತಿರ ಇದೆ ಎಂದು ಬೀಗಿದೆ. ಮೂಲ ಅಡುಗೆಮನೆಯಲ್ಲಿತ್ತು. ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದು ಕೇಳುತ್ತಿತ್ತು.

ಹೆಂಡತಿ ನಂಬಿ ಹೇಳಿದ್ದನ್ನು ಎತ್ತಿಕೊಂಡರು. ಎತ್ತಿಕೊಳ್ಳಲಿ, ಬರೆಯುವವರು ಎತ್ತಿಕೊಳ್ಳುತ್ತಾರೆ. ಆದರೆ ತಿದ್ದಿದರಲ್ಲ! ಹನ್ನೆರಡು ವರ್ಷದ ಹುಡುಗ ಜೀವ ಉಳಿಸು ಎಂದು ಕೂಗಿದ್ದನ್ನು ತ್ಯಾಗದ ಮಾತಾಗಿ ಮಾಡಿಬಿಟ್ಟರು. ಓದುವವರಿಗೆ ಹಾಯಾಗಲಿ ಎಂದು. ಬಾಲ ಕಟ್ಟುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ರಬ್ಬರಿನ ಬಾಲ ಯಾರ ಎದೆಗೂ ಚುಚ್ಚಲಿಲ್ಲ, ಅದೇ ವ್ಯತ್ಯಾಸ.

ಬರೆದು ಓದಿದೆ. ಅನ್ಯಾಯ ಎನಿಸಿತು. ಅಕ್ಕನ ಎದೆಯ ಭಾರ ಇಳಿಸಲೆಂದೇ ಹಾಗೆ ಬರೆದಿರಬಹುದು. ಅವನೇ ಬಿಡು ಎಂದ ಅಂತಾದರೆ ಅವಳಿಗೆ ನಿದ್ದೆ ಬಂದೀತು ಎಂದು. ಇರಬಹುದು. ಹಾಗಿದ್ದರೆ ಒಮ್ಮೆ ಕೇಳಬಹುದಿತ್ತು, ನಿದ್ದೆ ಬಂತಾ ಎಂದು.

ಮಾರ್ಚ್ 9

ಟೋಪಿ ಫೋನ್ ಮಾಡಿ ಬೇಡಿಕೊಂಡ. ಹೋದೆ.

ಗೋದಾಮಿನೊಳಗೆ ಲಿಫ್ಟ್ ಹೊಂಡ ಕಟ್ಟಿದ್ದಾರೆ. ಮೂರು ಮಹಡಿ ಎತ್ತರ, ಗ್ರೀಸು, ತುಕ್ಕು, ಹಗ್ಗ, ಎಲ್ಲ ನನ್ನ ಪುಟದಲ್ಲಿರುವಂತೆಯೇ. ಎದೆಗಾರನನ್ನು ತಲೆಕೆಳಗಾಗಿ ಇಳಿಬಿಟ್ಟು, ಒಂದು ಕೈಗೆ ಮಗು, ಇನ್ನೊಂದಕ್ಕೆ ಜೇನು ಕೂದಲಿನವನು. ಮೂರು ದಿನದಿಂದ ಇದನ್ನೇ ತೆಗೆಯುತ್ತಿದ್ದಾರಂತೆ. ಮಾನಿಟರಿನಲ್ಲಿ ನೋಡಿದೆ. ಎರಡು ಸೂಟ್‌ಕೇಸ್ ಹಿಡಿದು ಸ್ಟೇಷನ್ನಿನಲ್ಲಿ ಕೂಲಿಗೆ ಕಾಯುವವನ ಹಾಗಿದ್ದ.

'ಸುಳ್ಳು ಕಾಣ್ತಿದೆ ಅಲ್ವಾ ಸರ್?' ಟೋಪಿ ಕೇಳಿದ.

'ಸುಳ್ಳಿಗೂ ಒಂದು ಮರ್ಯಾದೆ ಇರುತ್ತೆ. ಇದಕ್ಕೆ ಅದೂ ಇಲ್ಲ.'

'ಏನ್ಮಾಡ್ಲಿ ಹೇಳಿ. ಮೇಡಂಗೆ ಮಾತು ಕೊಟ್ಟಿದೀನಿ. ಉಡನ ನಿಯಮ ಮುರಿದ್ರೆ ಕಥೆ ಸಾಯುತ್ತೆ. ನಿಯಮ ಉಳಿಸಿದ್ರೆ ತಮ್ಮ ಸಾಯ್ತಾನೆ.'

ಇಷ್ಟು ಅರ್ಥವಾಗಿದೆಯಲ್ಲ ಇವನಿಗೆ! ಟೋಪಿಯ ಕೆಳಗೆ ಏನೋ ಇದೆ. ಹೇಳಲಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತಾನೆ.

ಮಾರ್ಚ್ 10

ಬೆಳಗಿನಿಂದ ಬರೆದೆ, ಹರಿದೆ. ಬರೆದೆ, ಹರಿದೆ. ಉಡನ ಹಿಡಿತ ಒಂದೇ. ಅದನ್ನು ಮುಟ್ಟುವ ಹಾಗಿಲ್ಲ. ಮಗು ಆ ಕೈಯಲ್ಲಿದೆ. ತಮ್ಮ ಕೆಳಗೆ ನೇತಾಡುತ್ತಿದ್ದಾನೆ. ಹಿಡ್ಕೋ ಎನ್ನುತ್ತಿದ್ದಾನೆ.

ಮಧ್ಯಾಹ್ನ ಹೊಳೆಯಿತು. ಹಿಡಿಯುವವನು ಉಡನೇ ಯಾಕಾಗಬೇಕು? ತಮ್ಮನಿಗೂ ಎರಡು ಕೈ ಇವೆ. ಶಕ್ತಿಯಿಲ್ಲದ ಮಾಮೂಲಿ ಕೈ. ಉಡ ಮಗುವನ್ನು ಹಿಡಿದ, ಇನ್ನೊಂದು ಕೈಯಲ್ಲಿ ಹಗ್ಗಕ್ಕೆ ಜೋತು ಕಾಲು ಕೆಳಕ್ಕೆ ಚಾಚಿದ. ತಮ್ಮ ಅಣ್ಣನ ಕಾಲು ಹಿಡಿದ. ಉಡ ಅವನನ್ನು ಹಿಡಿದಿಲ್ಲ. ಹಿಡಿಯಲಾರ. ಇವನೇ ಹಿಡಿದುಕೊಂಡು, ಬೆರಳು ಜಾರಿ, ಮತ್ತೆ ಹಿಡಿದು, ಕೆನ್ನೆ ಉಜ್ಜಿ ರಕ್ತ ಬಂದು, ಹೇಗೋ ಬಿಡದೆ ಇದ್ದಾನೆ. ಮೇಲಿಂದ ಉಡ ಕೂಗುತ್ತಾನೆ, 'ನನ್ನ ಹಿಡ್ಕೋ.' ತಮ್ಮ ಕೂಗಿದ್ದ ಮಾತನ್ನೇ ಅಣ್ಣ ತಿರುಗಿಸಿ ಹೇಳುತ್ತಾನೆ.

ಆರು ಫ್ರೇಮ್. ಮೊಣಕೈ ಸೊಟ್ಟವಾಗಲಿಲ್ಲ.

ಸಿನಿಮಾದವರಿಗಿಂತ ಮೊದಲು ಅಕ್ಕನ ಮುಂದಿಟ್ಟೆ. ಬೀನ್ಸ್ ನಾರು ತೆಗೆಯುತ್ತಿದ್ದಳು. ಕೈ ಒರೆಸಿಕೊಂಡು, ಕನ್ನಡಕ ಹುಡುಕಿ, ಒಂದೊಂದೇ ನೋಡಿದಳು. ಕೊನೆಯದನ್ನು ತುಂಬ ಹೊತ್ತು.

'ಅಲ್ಲಿ ಹೀಗೆ ಆಗ್ತಿರ್ಲಿಲ್ಲ. ನನ್ನ ಕಾಲು ಎಲ್ಲೋ ಇತ್ತು, ಅವನೆಲ್ಲೋ ಇದ್ದ.'

'ಗೊತ್ತು.'

'ಇಲ್ಲಿ ಆಗ್ಲಿ ಬಿಡು.'

ಬೀನ್ಸಿಗೆ ವಾಪಸು ಹೋದಳು. ಸ್ವಲ್ಪ ಹೊತ್ತಿನ ಮೇಲೆ, ತಲೆಯೆತ್ತದೆ, 'ಆ ಬಿಡು ಅನ್ನೋ ಮಾತು ಇರಬಾರದು' ಎಂದಳು.

'ಇರಲ್ಲ.'

ಮಾರ್ಚ್ 16

ನನ್ನ ಆರು ಫ್ರೇಮಿನ ಹಾಗೆಯೇ ಶೂಟಿಂಗ್ ಮಾಡಿದರು. ಜೇನು ಕೂದಲಿನವನಿಗೆ ಒಂದೇ ಮಾತು ಹೇಳಿಕೊಟ್ಟೆ. 'ನೀನು ಹೀರೋ ಅಲ್ಲ. ನಿನಗೆ ಸಾಯೋಕೆ ಇಷ್ಟ ಇಲ್ಲ. ಅಷ್ಟೇ.' ಹುಡುಗ ತಲೆಯಾಡಿಸಿದ. ಕೂದಲಿಗೆ ಕಪ್ಪು ಬಳಿಸಿದ್ದೆ, ಅದೊಂದು ಜಗಳ ಗೆದ್ದೆ.

ಎದೆಗಾರ ಮಾತ್ರ ಬೇಸರದಲ್ಲಿದ್ದ. 'ಸರ್, ಈ ಶಾಟಲ್ಲಿ ನಾನೇನು ಮಾಡ್ತಾ ಇದೀನಿ? ಕಾಲು ಕೊಟ್ಟಿದೀನಿ ಅಷ್ಟೆ.'

'ಇಡೀ ಸಿನಿಮಾದಲ್ಲಿ ನೀನು ಚೆನ್ನಾಗಿ ಮಾಡಿರೋದು ಅದೊಂದೇ' ಎಂದೆ. ಹೊಗಳಿಕೆ ಎಂದುಕೊಂಡ.

ಜೂನ್ 4

ಟ್ರೈಲರ್ ಬಿಟ್ಟಿದ್ದಾರೆ. ಅಭಿಮಾನಿಗಳಿಗೆ ವಾಸನೆ ಹತ್ತಿದೆ. ಆ ಮಾತಿಲ್ಲವಂತೆ, ತಮ್ಮ ಉಳಿಯುತ್ತಾನಂತೆ, ಬದಲಾಯಿಸಿದ್ದು ಮೂಲ ಚಿತ್ರಕಾರನೇ ಅಂತೆ. ಬೆಳಗಿನಿಂದ ಫೋನಿನಲ್ಲಿ ಬೈಗುಳದ ಮಳೆ. ಒಬ್ಬ ಬರೆದಿದ್ದಾನೆ, ಈ ಮುದುಕನಿಗೆ ಉಡ ಎಂದರೆ ಏನೆಂದೇ ಗೊತ್ತಿಲ್ಲ ಎಂದು. ಹೋದ ವರ್ಷ ಇದನ್ನೇ ನಾನು ಬೇರೆಯವರಿಗೆ ಬರೆಯುತ್ತಿದ್ದೆ. ಕಾಗುಣಿತವಾದರೂ ಸರಿಯಿರುತ್ತಿತ್ತು.

ಸಂಜೆ ಸಂಚಿಕೆ ಸ್ವಾಮಿ ಮನೆಗೇ ಬಂದ. ಅದೇ ಟೀ ಶರ್ಟು. ನಾನು ಒಳಗಿದ್ದೆ, ಅಕ್ಕ ಬಾಗಿಲು ತೆಗೆದಳು.

'ಯಾರಪ್ಪ ನೀನು?'

'ಅಮ್ಮಾ, ನಾನು ಅಭಿಮಾನಿ ಸಂಘದವನು. ನಿಮ್ಮ ಯಜಮಾನರು ಬರೆದ ಮಾತನ್ನ ನಿಮ್ಮ ತಮ್ಮನವರೇ ಕಿತ್ತು ಹಾಕಿದಾರೆ. ಇದು ಸತ್ಯಕ್ಕೆ ಮಾಡೋ ಅಪಚಾರ.'

ಅಕ್ಕ ಅವನ ಎದೆಯ ಮೇಲಿದ್ದದ್ದನ್ನು ಬಗ್ಗಿ, ಕಣ್ಣು ಕಿರಿದು ಮಾಡಿ, ಜೋರಾಗಿ ಓದಿದಳು. ಬಿಡು... ಮಗುವನ್ನು ಹಿಡಿ... ಓದಿ ನೆಟ್ಟಗಾದಳು.

'ಅವನು ಹಾಗೆ ಹೇಳಿರಲಿಲ್ಲಪ್ಪ.'

'ಹೇಳಿದಾನಮ್ಮಾ! ಇನ್ನೂರ ಹದಿನಾಲ್ಕನೇ ಸಂಚಿಕೆ, ಕೊನೇ ಪುಟ. ನಿಮಗೆ ಮರೆತಿರ್ಬೇಕು.'

ನಾನು ಎದ್ದೆ. ಕೊಂದೇಬಿಡುತ್ತಿದ್ದೆ. ಅಕ್ಕ ಹಿಂದೆ ಕೈ ಮಾಡಿ ನನ್ನನ್ನು ಅಲ್ಲೇ ತಡೆದಳು.

'ಹೌದಾ? ಇರಬಹುದು. ನೀನು ಚೆನ್ನಾಗಿ ಓದಿದೀಯ. ಬಿಸಿಲಲ್ಲಿ ಬಂದಿದೀಯ, ಟೀ ಕುಡೀತೀಯಾ?'

ಕುಡಿದ. ಸಕ್ಕರೆ ಜಾಸ್ತಿ ಕೇಳಿದ. ಹೋಗುವಾಗ ಅಕ್ಕನ ಕಾಲು ಮುಟ್ಟಿ, ನನ್ನ ಕಡೆ ತಿರುಗಿಯೂ ನೋಡದೆ ಹೋದ.

ಆಗಸ್ಟ್ 21

ಬೆಳಗಿನ ಆಟಕ್ಕೆ ಹೋಗಿ ಬಂದೆವು. ಅಕ್ಕನೂ.

ಸಿನಿಮಾ ಕಸ. ಅದನ್ನು ಮೊದಲು ಬರೆದುಬಿಡುತ್ತೇನೆ. ಮ್ಯೂಸಿಕ್ಕಿನ ಅಬ್ಬರಕ್ಕೆ ನನ್ನ ಹಲ್ಲಿನ ಸೆಟ್ಟು ನಡುಗಿತು. ಎದೆಗಾರ ಅಂಗಿ ಹಾಕಿಕೊಂಡಿದ್ದು ಎಲ್ಲ ಸೇರಿಸಿದರೆ ಒಂದು ಹಾಡಿನಷ್ಟು ಹೊತ್ತು. ನೀಲಿ ಗವಸಿನ ಅಪ್ಪ ಬಂದ, ಅತ್ತ, ಸತ್ತ. ಜನ ಶಿಳ್ಳೆ ಹೊಡೆದರು. ಹೊರಗೆ ಸ್ವಾಮಿಯ ಕಡೆಯವರು ಬೋರ್ಡು ಹಿಡಿದು ಕೂತಿದ್ದರು. ಆಟ ಶುರುವಾದ ಮೇಲೆ ಒಬ್ಬೊಬ್ಬರಾಗಿ ಒಳಗೆ ಬಂದು ಕೂತರು.

ಆಮೇಲೆ ಲಿಫ್ಟ್.

ಟೋಪಿ ಅಲ್ಲಿ ಮ್ಯೂಸಿಕ್ ತೆಗೆದುಬಿಟ್ಟಿದ್ದ. ಹಗ್ಗ ಕಿರುಗುಟ್ಟುವ ಸದ್ದು, ಉಸಿರು, ಅಷ್ಟೇ. ಹುಡುಗ 'ಹಿಡ್ಕೋ' ಎಂದ. ಎರಡನೆಯ ಸಲ ಎನ್ನುವಾಗ ಅವನ ದನಿ ಒಡೆಯಿತು. ನಾನು ಪರದೆ ನೋಡಲಿಲ್ಲ. ಅಕ್ಕನನ್ನು ನೋಡಿದೆ. ಕಣ್ಣು ಮುಚ್ಚುತ್ತಾಳೆ ಎಂದುಕೊಂಡಿದ್ದೆ. ಮುಚ್ಚಲಿಲ್ಲ. ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹುಡುಗನ ಬೆರಳು ಜಾರಿದಾಗ ತಾನೂ ಮುಂದಕ್ಕೆ ಬಾಗಿ, ಬಾಯಲ್ಲಿ ಏನೋ ಹೇಳುತ್ತಿದ್ದಳು. ಕೇಳಿಸಲಿಲ್ಲ. ಹುಡುಗ ಮೇಲೆ ಹತ್ತಿ ಬಂದು ನೆಲದ ಮೇಲೆ ಬಿದ್ದುಕೊಂಡು ಉಸಿರಾಡಿದ. ಆಗ ಹಿಂದಕ್ಕೆ ಒರಗಿದಳು, ಸೀಟಿನ ಹಿಡಿತ ಮಾತ್ರ ಬಿಡದೆ.

ಮುಂದಿನ ಸೀಟಿನವನು ತಿರುಗಿ, 'ಅಜ್ಜಿ, ಕೈ ತೆಗೀತೀರಾ, ಕೂದಲು ಸಿಕ್ಕಿದೆ' ಎಂದ.

ಆಟೋದಲ್ಲಿ ಕೇಳಿದೆ, ಹೇಗಿತ್ತು?

'ಸುಮಾರು. ಆ ದಪ್ಪ ಎದೆಯವನಿಗೆ ನಟನೆ ಬರಲ್ಲ.'

ಮನೆ ಹತ್ತಿರ ಬಂದಾಗ, 'ಹುಡುಗ ಪರವಾಗಿಲ್ಲ' ಎಂದಳು.

ಆಗಸ್ಟ್ 22. ಬೆಳಿಗ್ಗೆ

ವಿಮರ್ಶೆಗಳು ಬಂದಿವೆ. ಕೈಕಾಲಿಲ್ಲದ ಬರಹ. ಒಬ್ಬ ಮೂಲಕ್ಕೆ ನಿಷ್ಠವಾಗಿದೆ ಎಂದಿದ್ದಾನೆ, ಇನ್ನೊಬ್ಬ ಮೂಲವನ್ನು ಕೊಂದಿದ್ದಾರೆ ಎಂದಿದ್ದಾನೆ. ಇಬ್ಬರೂ ಓದಿಲ್ಲ. ಪತ್ರಿಕೆ ಮಡಿಸಿ ಸ್ಟೂಲಿನ ಕೆಳಗಿಟ್ಟೆ.

ತಿಂಡಿ ತಿನ್ನುವಾಗ ಅಕ್ಕ ಇದ್ದಕ್ಕಿದ್ದ ಹಾಗೆ ನಕ್ಕಳು.

'ಕುಳ್ಳ ಇದ್ದಿದ್ರೆ ಈ ಸಿನಿಮಾದಿಂದ ಅರ್ಧಕ್ಕೇ ಎದ್ದು ಬಂದ್ಬಿಡ್ತಿದ್ದ.'

ಕುಳ್ಳ. ಅವಳ ಬಾಯಲ್ಲಿ ಹೀಗೆ, ತಿಂಡಿಯ ನಡುವೆ, ಸಲೀಸಾಗಿ.

'ಎದ್ದು ಬರ್ತಿರ್ಲಿಲ್ಲ. ಮುಂದಿನ ಸಾಲಲ್ಲಿ ಕೂತು ಎಲ್ಲರಿಗಿಂತ ಮೊದಲೇ ಡೈಲಾಗ್ ಹೇಳ್ತಿದ್ದ' ಎಂದೆ.

'ತಪ್ಪು ತಪ್ಪಾಗಿ.'

'ತಪ್ಪು ತಪ್ಪಾಗಿ.'

ಆಮೇಲೆ ನಿಲ್ಲಲೇ ಇಲ್ಲ. ಎಡಗೈಯಲ್ಲಿ ಬರೆಯುತ್ತಿದ್ದದ್ದು, ನೆಂಟರು ಬಂದರೆ ಮಂಚದ ಕೆಳಗೆ ಸೇರುತ್ತಿದ್ದದ್ದು, ನನ್ನ ಹೊಸ ಬ್ರಷ್ಷಿನಿಂದ ಪಕ್ಕದ ಮನೆ ಆಡಿಗೆ ಮೀಸೆ ಬರೆದದ್ದು. ಇವನ್ನೆಲ್ಲ ಬರೆದಿಟ್ಟುಕೊಳ್ಳಬೇಕು. ಬಿಡಿಸಲು ಅಲ್ಲ. ಯಾವ ಪತ್ರಿಕೆಗೂ ಅಲ್ಲ. ಇದ್ದದ್ದು ಇದ್ದ ಹಾಗೆ ಇರಲಿ ಎಂದು. ಅವನ ಹಲ್ಲು ಒಂದರ ಮೇಲೊಂದು ಏರಿತ್ತು, ನಾನು ಬಿಡಿಸುವಾಗ ಅದನ್ನು ಯಾಕೋ ನೆಟ್ಟಗೆ ಮಾಡಿಬಿಟ್ಟಿದ್ದೆ. ನಕ್ಕರೆ ಅದೇ ಮೊದಲು ಕಾಣುತ್ತಿತ್ತು.

ಅಕ್ಕ ಕರೆಯುತ್ತಿದ್ದಾಳೆ. ಇನ್ನೊಂದು ನೆನಪಾಯಿತಂತೆ. ಬಾ ಬೇಗ, ಮರೆತುಹೋಗುತ್ತೆ ಎನ್ನುತ್ತಿದ್ದಾಳೆ. ಅಪ್ಪನ ಸೈಕಲ್ಲಿನದಂತೆ. ಒಂದು ಸಲ ಕುಳ್ಳ ಅದನ್ನು... ಉಳಿದದ್ದು ಕೇಳಿ ಬಂದು ಬರೆಯುತ್ತೇನೆ.